ಬೋರಾಮಣಿಯ ಜೋಳ

ಕೀನ್ಯಾ, ಸರೋವರದ ದಂಡೆಯ ಆಸ್ಪತ್ರೆ
19 ಮೇ 2024, ಭಾನುವಾರ

ಸಾವಿತ್ರಿ ಅತ್ತೀ,

ನಿಮ್ಮ ದೀಪಾಲಿಯ ಶರಣು. ಅಕ್ಷರ ನೋಡಿ ನಗಬೇಡಿ. ಮರಾಠಿ ಶಾಲೆಯಲ್ಲಿ ಕಲಿತವಳಿಗೆ ನೀವು ಅಡುಗೆಮನೆಯ ನೆಲದ ಮೇಲೆ ಹಿಟ್ಟು ಹರಡಿ ತಿದ್ದಿಸಿದ ಅಕ್ಷರಗಳು ಇವು. ಫೋನ್ ಯಾಕೆ ಮಾಡಲಿಲ್ಲ ಎಂದು ಕೇಳುತ್ತೀರಿ. ಮಾಡಿದರೆ ತಮ್ಮ ಶೈಲೇಶ ಸ್ಪೀಕರ್ ಹಚ್ಚುತ್ತಾನೆ. ಅಪ್ಪ, ಅವ್ವ, ತಂಗಿ ಸೋನಾಲಿ, ಸಾಲದ್ದಕ್ಕೆ ಪಕ್ಕದ ಮನೆಯ ತುಳಜಾಬಾಯಿ, ಎಲ್ಲರೂ ಸುತ್ತ ಕೂರುತ್ತಾರೆ. ನಮ್ಮ ಮನೆಯಲ್ಲಿ ಕನ್ನಡ ಮಾತಾಡುವವರು ಎಲ್ಲರೂ, ಓದುವವರು ನೀವೊಬ್ಬರೇ. ಮಹಾರಾಷ್ಟ್ರದಲ್ಲಿ ನೌಕರಿ ಸಿಗಲಿ ಎಂದು ಅಜ್ಜ ಅಪ್ಪನನ್ನು ಮರಾಠಿ ಶಾಲೆಗೆ ಹಾಕಿದ. ಹೆಣ್ಣುಮಗಳು ಎಲ್ಲಿಗೆ ಹೋಗುತ್ತಾಳೆ ಎಂದು ನಿಮ್ಮನ್ನು ನಮ್ಮೂರು ಮೈಂದರ್ಗಿಯ ಕನ್ನಡ ಶಾಲೆಯಲ್ಲೇ ಬಿಟ್ಟ. ಆ ಒಂದು ಉಪಕಾರಕ್ಕೆ ನಾನು ಅಜ್ಜನಿಗೆ ದಿನಾ ಕೈಮುಗಿಯುತ್ತೇನೆ.

ಅಪ್ಪನಿಗೆ ಓದಿ ಹೇಳುವ ಭಾಗ ಇದು: ನಾನು ಆರೋಗ್ಯವಾಗಿದ್ದೇನೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ, ಜೊತೆಗೆ ಹಿರಿಯ ನರ್ಸ್ ಇದ್ದಾರೆ, ಜೂನ್ ಮೊದಲ ವಾರ ಸೋಲಾಪುರಕ್ಕೆ ಬರುತ್ತೇನೆ. ಇಷ್ಟೇ.

ಇನ್ನು ಮುಂದಿನದು ನಿಮಗೆ. ಕಾಲೇಜಿನ ಕ್ಯಾಂಪ್ ಎಂದು ಅಪ್ಪನಿಗೆ ಹೇಳಿ ಬಂದದ್ದು ಅರ್ಧ ನಿಜ. ಹೆಸರು ಕೊಟ್ಟದ್ದು ನಮ್ಮ ನರ್ಸಿಂಗ್ ಕಾಲೇಜಿನ ಮೇಡಂ, ಕಳಿಸಿದ್ದು ಸೋಲಾಪುರದ ಚರ್ಚಿನವರು. ಪ್ರತಿ ಬೇಸಿಗೆಯಲ್ಲಿ ಅವರು ಈ ಆಸ್ಪತ್ರೆಗೆ ಸೇವೆಗೆಂದು ತಂಡ ಕಳಿಸುತ್ತಾರೆ. ಈ ಸಲ ಸುಟ್ಟಗಾಯದ ವಾರ್ಡಿನ ಕೆಲಸ ಗೊತ್ತಿದ್ದವರು ಬೇಕಾಗಿದ್ದರು. ನನಗೆ ಆ ಕೆಲಸ ಗೊತ್ತು. ಅದಕ್ಕೇ ಬಂದೆ, ಇನ್ನು ಯಾವುದಕ್ಕೂ ಅಲ್ಲ. ಇದು ನಿಮಗೆ ಮೊದಲೇ ಗೊತ್ತಿತ್ತು, ಆದರೂ ಬರೆದಿಟ್ಟರೆ ಸಮಾಧಾನ.

ಇಲ್ಲಿ ಗಂಜಿಯ ದೊಡ್ಡ ಗಡಿಗೆಯನ್ನು ನೆಲದ ಮೇಲೆ ಇಟ್ಟು ಕುದಿಸುತ್ತಾರೆ. ಅಂಬೆಗಾಲಿಕ್ಕುವ ಕೂಸುಗಳು ಹೋಗಿ ಎಳೆದುಕೊಳ್ಳುತ್ತವೆ. ಅಕಿನ್ಯಿ ಎಂಬ ಹುಡುಗಿಗೆ ಎರಡು ವರ್ಷ, ಬೆನ್ನು ಪೂರ್ತಿ ಬೆಂದಿದೆ. ಪಟ್ಟಿ ಬಿಚ್ಚುವಾಗ ಅವಳು ಅಳುವುದಿಲ್ಲ, ನನ್ನ ಮೂಗು ಹಿಡಿದುಕೊಳ್ಳುತ್ತಾಳೆ. ನಾನೇ ಅಳುತ್ತೇನೆ. ವಾರ್ಡಿನ ನಿಯಮ ಭಾರಿ ಬಿಗಿ: ಕೈಗೆ ಬಳೆ, ಗಡಿಯಾರ, ಕೊರಳಲ್ಲಿ ದಾರ, ಯಾವುದೂ ನಡೆಯುವುದಿಲ್ಲ. ಗಾಯದ ಮೇಲೆ ಬಾಗುವವರ ಮೈಯಿಂದ ಏನೂ ಜೋತುಬೀಳಬಾರದು.

ಅಕಿನ್ಯಿಯ ಅಜ್ಜಿ ಜೋಳ ಬೆಳೆಯುತ್ತಾಳೆ ಅತ್ತೀ! ನಮ್ಮ ಹಾಗೆ ಬಿಳಿ ಜೋಳ ಅಲ್ಲ, ಕೆಂಪು. ಅವರು ಮುದ್ದೆ ಮಾಡುತ್ತಾರೆ. ನಾನು ರೊಟ್ಟಿ ಬಡಿದು ತೋರಿಸಿದೆ. ಸಪ್ಪಳ ಕೇಳಿ ಇಡೀ ಓಣಿ ನೋಡಲು ಬಂತು. ಹೋದ ಭಾನುವಾರ ಆ ಅಜ್ಜಿ ಒಂದು ಚೀಲ ಹಿಟ್ಟು ತಂದು ಚರ್ಚಿನಲ್ಲಿ ಎಲ್ಲರೆದುರು ಇಟ್ಟಳು. ಪಾಸ್ಟರ್ ಚೀಲದ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ, ‘ಇದು ದೀಪಾಲಿಯ ಮನೆಗೆ’ ಎಂದು ನನ್ನ ಕೈಗೆ ಕೊಟ್ಟರು. ನಮ್ಮ ತಂಡದ ಮುಕ್ತಾಬಾಯಿಯವರು ಮಗಳ ಬಾಣಂತನಕ್ಕೆಂದು ನನಗಿಂತ ಮೊದಲೇ ಹೊರಟಿದ್ದಾರೆ. ಹಿಟ್ಟನ್ನೂ ಈ ಪತ್ರವನ್ನೂ ಅವರ ಕೈಯಲ್ಲಿ ಕಳಿಸಿದ್ದೇನೆ. ಅವರನ್ನು ಬಾಗಿಲಲ್ಲೇ ನಿಲ್ಲಿಸಬೇಡಿ, ಚಹಾ ಕೊಡಿ. ಆ ಹಿಟ್ಟಿನ ಒಂದಾದರೂ ರೊಟ್ಟಿ ತಿಂದು ಹೇಗಿದೆ ಎಂದು ಬರೆಯಿರಿ. ಅಜ್ಜಿ ಕೇಳುತ್ತಾಳೆ.

ನಿಮ್ಮ
ದೀಪಾಲಿ


ಮೈಂದರ್ಗಿ
1 ಜೂನ್ 2024

ದೀಪಾ,

ಈ ಪತ್ರವನ್ನು ನಿನ್ನ ಸೋಲಾಪುರದ ಹಾಸ್ಟೆಲ್ಲಿಗೆ ಹಾಕುತ್ತಿದ್ದೇನೆ. ಕೀನ್ಯಾಕ್ಕೆ ಹಾಕಿದರೆ ನೀನು ಇತ್ತ ಬರುವಾಗ ಅದು ಅತ್ತ ಹೋಗುತ್ತಿರುತ್ತದೆ. ಬಂದ ಕೂಡಲೇ ಓದು, ಓದುವ ಮೊದಲು ಊಟ ಮಾಡು.

ಮುಕ್ತಾಬಾಯಿ ಬಂದಿದ್ದರು. ನಡುಹಗಲು, ಅಕ್ಕಲಕೋಟ ಬಸ್ಸಿಗೆ. ಬಿಳಿ ಸೀರೆ, ಕೊರಳಲ್ಲಿ ಶಿಲುಬೆ. ಊರು ನೋಡಿತು, ನೋಡಲಿ. ಒಳಗೆ ಕೂರಿಸಿ ಚಹಾ ಕೊಟ್ಟೆ. ನಿನ್ನ ಅವ್ವ ಲಕ್ಷ್ಮೀಬಾಯಿ ಕಪ್ಪು ತೊಳೆಯುವಾಗ ಎರಡು ಸಲ ಬೂದಿ ಹಚ್ಚಿದಳು, ನಾನು ಕಂಡೂ ಕಾಣದ ಹಾಗೆ ಇದ್ದೆ. ಹಿಟ್ಟಿನ ಚೀಲ ಮುಟ್ಟಿತು. ಅದರ ಬಗ್ಗೆ ಹೆಚ್ಚು ಕೇಳಬೇಡ.

ಸಂಜೆ ನಿನ್ನ ಅಪ್ಪ ಪತ್ರವನ್ನು ಮೇಲೆ ಕೆಳಗೆ ತಿರುಗಿಸಿ ನೋಡಿ, ‘ಅಕ್ಕಾ, ಏನ್ ಬರದಾಳ, ಓದು’ ಎಂದ. ಓದಿದೆ. ನೀನು ಹೇಳಿದ ಭಾಗದ ಜೊತೆಗೆ ‘ಅಪ್ಪನ ಮೊಣಕಾಲು ಹೇಗಿದೆ, ಎಣ್ಣೆ ಹಚ್ಚುತ್ತಾರೋ ಇಲ್ಲವೋ’ ಎಂದು ನಾನೇ ಎರಡು ಸಾಲು ಸೇರಿಸಿದೆ. ಅವನ ಮುಖ ಅರಳಿತು. ನಿನಗೆ ಬರೆಯಲು ಹೊಳೆಯಲಿಲ್ಲ, ನನಗೆ ಹೊಳೆಯಿತು. ಮುಂದಿನ ಸಲ ನೀನೇ ಬರೆ.

ಆದರೆ ಮೊನ್ನೆ ಎಲ್ಲ ಕೆಟ್ಟಿತು. ಚರ್ಚಿನವರು ತಮ್ಮ ತಂಡದ ಫೋಟೋವನ್ನು ಮೊಬೈಲಿನಲ್ಲಿ ಹಾಕಿದ್ದಾರಂತೆ, ಶೈಲೇಶನ ಕಣ್ಣಿಗೆ ಬಿತ್ತು. ನೀನು ಚರ್ಚಿನ ಮೆಟ್ಟಿಲ ಮೇಲೆ ನಿಂತಿದ್ದೀಯ, ಬಾಯಿ ತೆರೆದು ಹಾಡುತ್ತಿದ್ದೀಯ, ಕೊರಳು ಬರಿದಾಗಿದೆ. ಲಿಂಗ ಕಟ್ಟಿದ ದಾರ ಇಲ್ಲ. ಅಪ್ಪ ಫೋಟೋವನ್ನು ದೊಡ್ಡದು ಮಾಡಿಸಿ ಕೊರಳನ್ನೇ ನೋಡಿದ. ‘ಧರ್ಮ ಬಿಟ್ಟಾಳ’ ಎಂದ. ಒಂದೇ ಮಾತು. ಆಮೇಲೆ ಊಟಕ್ಕೆ ಬರಲಿಲ್ಲ.

ನಮ್ಮ ಮಠದ ಅಯ್ಯನವರನ್ನು ಕೇಳಿಕೊಂಡು ಬಂದಿದ್ದಾನೆ. ನೀನು ಬಂದ ದಿನ ಅಂಗಳದಲ್ಲೇ ನಿಲ್ಲಬೇಕು. ಅಯ್ಯನವರ ಪಾದ ತೊಳೆದ ನೀರನ್ನು ನಿನ್ನ ಮೇಲೆ ಚಿಮುಕಿಸಿ, ಕುಡಿಸಿ, ಹೊಸದಾಗಿ ಲಿಂಗ ಕಟ್ಟುತ್ತಾರೆ. ಶುದ್ಧಿ ಆದಮೇಲೆ ಹೊಸ್ತಿಲು ದಾಟಬೇಕು. ಇದು ಅವನ ತೀರ್ಮಾನ. ಅವನಿಗೂ ಸಿಟ್ಟಿಗಿಂತ ಹೆದರಿಕೆ ಹೆಚ್ಚು. ಸೋನಾಲಿಗೆ ದುಧನಿಯ ಅಡತಿ ಅಂಗಡಿಯವರ ಮನೆಯಿಂದ ಗಂಡು ಬಂದಿದೆ. ಇದೇ ತಿಂಗಳು 24ಕ್ಕೆ ಸಾಕರಪುಡಾ ಮಾಡಿ ನಿಶ್ಚಯ ಮಾಡುವ ಮಾತಿದೆ. ಅಕ್ಕ ಜಾತಿ ಬಿಟ್ಟಳು ಎಂದು ಅವರ ಕಿವಿಗೆ ಬಿದ್ದರೆ ಏನಾಗುತ್ತದೆ ಎಂದು ನಿನಗೆ ಬಿಡಿಸಿ ಹೇಳಬೇಕಿಲ್ಲ.

ಯೋಚನೆ ಮಾಡಿ ಬರೆ. ಸಿಟ್ಟಿನಲ್ಲಿ ಬರೆಯಬೇಡ ಎಂದರೆ ನೀನು ಕೇಳುವವಳಲ್ಲ.

ಸಾವಿತ್ರಿ ಅತ್ತಿ


ಸೋಲಾಪುರ
10 ಜೂನ್ 2024

ಅತ್ತೀ,

ಮಂಗಳವಾರ ಬಂದೆ. ಪೆಟ್ಟಿಗೆ ಇನ್ನೂ ಬಿಚ್ಚಿಲ್ಲ. ಬಿಚ್ಚಿದರೆ ಬಂದು ಮುಗಿಯಿತು ಅನ್ನಿಸುತ್ತದೆ, ನಾನಿನ್ನೂ ಮನೆಗೆ ಬಂದಿಲ್ಲವಲ್ಲ.

ಮುಂಬೈಯಲ್ಲಿ ವಿಮಾನ ಇಳಿದ ಕೂಡಲೇ ಅಪ್ಪನಿಗೆ ಫೋನ್ ಮಾಡಿದೆ. ಎರಡು ತಿಂಗಳ ಮೇಲೆ ಮಗಳ ದನಿ ಕೇಳಿದವರು ಏನು ಕೇಳಿದರು ಗೊತ್ತೇ? ‘ಕೊಳ್ಳಾಗ ಲಿಂಗ ಐತೇನು?’

ನಾನೆಂದೆ, ‘ಅಪ್ಪಾ, ಮೊದಲ ಉಂಡಿ ಏನವ್ವ ಅಂತ ಕೇಳ್ರಿ.’

‘ಕೇಳಿದ್ದಕ್ಕ ಜವಾಬ್ ಕೊಡು.’

‘ಕೊಡಂಗಿಲ್ರಿ.’

ಫೋನ್ ಇಟ್ಟರು. ಬಸ್ಸಿನಲ್ಲಿ ಸೋಲಾಪುರದವರೆಗೂ ಕಿಟಕಿಗೆ ಹಣೆ ಹಚ್ಚಿಕೊಂಡು ಕೂತಿದ್ದೆ. ಹಾಸ್ಟೆಲ್ಲಿಗೆ ಬಂದರೆ ನಿಮ್ಮ ಪತ್ರ. ಊಟ ಮಾಡಿಯೇ ಓದಿದೆ.

ನಾನು ಶುದ್ಧಿ ಮಾಡಿಸಿಕೊಳ್ಳುವುದಿಲ್ಲ. ಇದನ್ನು ಅಪ್ಪನಿಗೆ ಓದಿ ಹೇಳಿ, ಒಂದಕ್ಷರವನ್ನೂ ತಿದ್ದದೆ ಹೇಳಿ. ನಾನು ಹೊಲಸು ಮಾಡಿ ಬಂದಿಲ್ಲ. ಬೆಂದ ಕೂಸುಗಳ ಮೈ ತೊಳೆದು ಬಂದಿದ್ದೇನೆ. ನನಗೆ ನೀರು ಚಿಮುಕಿಸುವವರು ಮೊದಲು ಒಂದು ದಿನ ಆ ವಾರ್ಡಿನಲ್ಲಿ ನಿಂತು ಬರಲಿ. ಲಿಂಗ ಎಲ್ಲಿದೆ, ಇದೆಯೋ ಇಲ್ಲವೋ, ಅದನ್ನೂ ಹೇಳುವುದಿಲ್ಲ. ಹೇಳಬಾರದ ವಿಷಯವೇನಲ್ಲ. ಹೇಳಿದ ಮೇಲಷ್ಟೇ ಒಳಗೆ ಬಿಡುವುದಾದರೆ ಅದು ಮನೆಯಲ್ಲ, ಚೆಕ್‌ಪೋಸ್ಟು.

ಇನ್ನು ಇದು ನಿಮಗೆ ಮಾತ್ರ, ಅಪ್ಪನಿಗೆ ಓದಬೇಡಿ. ನಾನು ಚರ್ಚಿನವರ ಕಡೆ ವಾಲಿದ್ದೇನೆ ಎಂದುಕೊಂಡಿದ್ದರೆ ಕೇಳಿ. ನಿನ್ನೆ ಭಾನುವಾರ ಅವರ ಸ್ವಾಗತ ಸಭೆ. ಹೋಗಿ ಬಂದವರು ಒಬ್ಬೊಬ್ಬರೇ ಎದ್ದುನಿಂತು ಸಾಕ್ಷಿ ಹೇಳಬೇಕು, ದೇವರು ತಮ್ಮಲ್ಲಿ ಏನು ಮಾಡಿದ ಎಂದು. ಇಲ್ಲಿಯ ಪಾಸ್ಟರ್ ಒಳ್ಳೆಯವರು. ಆದರೂ ಮೊದಲೇ ಕರೆದು ಮೆಲ್ಲಗೆ ಹೇಳಿದರು, ‘ಪ್ರಭು ನನ್ನನ್ನು ಕರೆದ ಅಂತ ಇಷ್ಟಾದರೂ ಹೇಳಮ್ಮಾ, ಜನಕ್ಕೆ ಸಂತೋಷ ಆಗುತ್ತೆ.’ ಎದ್ದು ನಿಂತೆ. ‘ನನ್ನನ್ನು ಕರೆದದ್ದು ಅಕಿನ್ಯಿ. ನಾನು ದಿನಾ ಬೆಳಿಗ್ಗೆ ನನ್ನ ದೇವರನ್ನು ಅಂಗೈಯಲ್ಲಿಟ್ಟು ನೋಡಿ ನಿಮ್ಮ ವಾರ್ಡಿಗೆ ಹೋಗುತ್ತಿದ್ದೆ, ಅಲ್ಲಿ ಯಾರೂ ನನ್ನನ್ನು ಹೊರಗೆ ನಿಲ್ಲಿಸಲಿಲ್ಲ, ಅದಕ್ಕೆ ನಿಮಗೆ ಶರಣು’ ಎಂದು ಕೂತೆ. ಚಪ್ಪಾಳೆ ಬೀಳಲಿಲ್ಲ. ಮುಕ್ತಾಬಾಯಿ ಒಬ್ಬರೇ ತಟ್ಟಿದರು, ಮೊಮ್ಮಗು ಎಚ್ಚರಾಗುವಷ್ಟು ಜೋರಾಗಿ.

ಅಪ್ಪನ ಮೊಣಕಾಲು ಹೇಗಿದೆ? ಇದು ನಾನೇ ಬರೆದದ್ದು.

ಹಿಟ್ಟಿನ ರೊಟ್ಟಿ ಹೇಗಿತ್ತು ಎಂದು ನೀವು ಬರೆಯಲಿಲ್ಲ.

ದೀಪಾಲಿ


ಮೈಂದರ್ಗಿ
13 ಜೂನ್ 2024

ದೀಪಾ,

ಓದಿ ಹೇಳಿದೆ. ಚೆಕ್‌ಪೋಸ್ಟಿನ ಮಾತು ಬಿಟ್ಟೆ. ಉಳಿದದ್ದೇ ಸಾಕಾಯಿತು. ನಿನ್ನ ಅಪ್ಪ ತಂಬಿಗೆ ಎತ್ತಿ ಅಂಗಳಕ್ಕೆ ಎಸೆದ, ಅದಕ್ಕೆ ನೆಗ್ಗು ಬಿತ್ತು. ‘ಹಂಗಾರ ಅಲ್ಲೇ ಇರಲಿ’ ಎಂದ. ನಿನ್ನ ಅವ್ವ ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಹೋದಳು. ಮೊಣಕಾಲಿನ ಮಾತನ್ನು ಕೊನೆಗೆ ಓದಿದೆ. ಎದ್ದು ಹೋಗುವಾಗ ಕುಂಟಿದ.

ದುಧನಿಯವರು ಮೊನ್ನೆ ಬಂದಿದ್ದರು, ಹುಡುಗನ ಅಪ್ಪ, ಅವ್ವ, ಸೋದರಮಾವ. ಊಟ ಚೆನ್ನಾಗಿ ಮಾಡಿದರು. ಹುಡುಗನ ಅವ್ವ ಜೋರು ಹೆಂಗಸು, ‘ದೊಡ್ಡ ಮಗಳು ಎಲ್ಲಿ ಕಾಣವಲ್ಲಳು?’ ಎಂದು ಕೇಳಿದಳು. ‘ಸೋಲಾಪುರದಾಗ ಪರೀಕ್ಷಾ ಅದಾವ್ರಿ’ ಎಂದು ನಿನ್ನ ಅಪ್ಪ ಸುಳ್ಳು ಹೇಳಿದ. ನೆಲ ನೋಡುತ್ತ ಹೇಳಿದ. ಅವನು ಹುಟ್ಟಿದಾಗಿನಿಂದ ಸುಳ್ಳು ಹೇಳಿದ್ದನ್ನು ನಾನು ಕಂಡಿರಲಿಲ್ಲ.

ನನ್ನ ಮಾತು ಕೇಳು. ಒಂದು ತಂಬಿಗೆ ನೀರು. ಕಣ್ಣು ಮುಚ್ಚಿ ನಿಂತುಕೋ, ಬೇರೆ ಏನಾದರೂ ನೆನೆಸುತ್ತ ನಿಲ್ಲು. ಚಿಮುಕಿಸುತ್ತಾರೆ, ಮುಗಿಯುತ್ತದೆ, ಒಳಗೆ ಬಾ, ಉಣ್ಣು, ತಂಗಿಯ ಕೈಗೆ ಬಳೆ ಇಡಿಸು. ನಿನ್ನ ಮನಸ್ಸಿನೊಳಗೆ ಯಾರೂ ನೀರು ಹಾಕಲಾರರು. ಹಠಕ್ಕೆ ಬಿದ್ದರೆ ಮುರಿಯುವುದು ನಿನ್ನದೊಂದೇ ಅಲ್ಲ, ಸೋನಾಲಿಯದೂ ಮುರಿಯುತ್ತದೆ.

ಹಿಟ್ಟಿನ ಬಗ್ಗೆ ಕೇಳಬೇಡ ಎಂದಿದ್ದೆ. ಮತ್ತೆ ಯಾಕೆ ಕೇಳುತ್ತೀ?

ಸಾವಿತ್ರಿ ಅತ್ತಿ


ಸೋಲಾಪುರ
16 ಜೂನ್ 2024

ಅತ್ತೀ,

ನೀವೂ?

ಅಪ್ಪ ಎಸೆದ ತಂಬಿಗೆಗಿಂತ ನಿಮ್ಮ ‘ಕಣ್ಣು ಮುಚ್ಚಿ ನಿಂತುಕೋ’ ಜೋರಾಗಿ ಬಡಿಯಿತು. ಅಪ್ಪನಿಗೆ ಫೋಟೋ ಮಾತ್ರ ಗೊತ್ತು. ನಿಮಗೆ ಎಲ್ಲ ಗೊತ್ತಿತ್ತು. ಹೋಗುವ ಮುಂಚೆ ಹಿತ್ತಲಲ್ಲಿ ನನ್ನ ಕೈ ಹಿಡಿದು ‘ಹೋಗಿ ಬಾ, ನಾ ಅದೀನಿ’ ಎಂದವರು ನೀವೇ ತಾನೆ? ಆಗ ಇದ್ದವರು ಈಗ ಎಲ್ಲಿ ಹೋದಿರಿ?

ಹಿಟ್ಟು ಏನಾಯಿತು ಎಂದು ನನಗೆ ಗೊತ್ತಾಯಿತು ಬಿಡಿ. ಎಮ್ಮೆಯ ಬಾನಿಗೆ ಸುರಿದಿದ್ದೀರಿ. ಅದನ್ನು ಬರೆಯಲು ನಾಚಿಕೆಯಾಗಿ ಕೇಳಬೇಡ, ಕೇಳಬೇಡ ಎನ್ನುತ್ತೀರಿ. ಆ ಅಜ್ಜಿ ಎರಡು ಮೈಲಿ ನಡೆದು, ಚೀಲವನ್ನು ತಲೆಯ ಮೇಲೆ ಹೊತ್ತು ತಂದಳು. ಅವಳ ಮೊಮ್ಮಗಳ ಬೆನ್ನಿನ ಮೇಲೆ ಹೊಸ ಚರ್ಮ ಬಂದ ದಿನ ಅದು. ಎಮ್ಮೆಯಾದರೂ ಚೆನ್ನಾಗಿ ತಿಂದಿತೇ?

ಆ ನೀರಿನ ಒಂದು ಹನಿ ನನ್ನ ಮೇಲೆ ಬಿದ್ದರೂ ನಾನು ಒಪ್ಪಿಕೊಂಡ ಹಾಗೆ. ಏನನ್ನು? ಅಕಿನ್ಯಿಯ ಬೆನ್ನು ಮೈಲಿಗೆ ಎಂದು. ಮುಕ್ತಾಬಾಯಿ ಚಹಾ ಕುಡಿದ ಕಪ್ಪು ಮೈಲಿಗೆ ಎಂದು. ನಾನು ಕಲಿತ ವಿದ್ಯೆ ತೊಳೆದುಕೊಳ್ಳಬೇಕಾದದ್ದು ಎಂದು. ಬಾಯಲ್ಲಿ ಹೇಳುವುದೂ ಬೇಕಿಲ್ಲ, ಸುಮ್ಮನೆ ನಿಂತರೇ ಒಪ್ಪಿದಂತೆ. ನಾನು ನಿಲ್ಲುವುದಿಲ್ಲ.

ಸೋನಾಲಿಯ ಹೆಸರು ಹೇಳಿ ನನ್ನನ್ನು ಬಗ್ಗಿಸಬೇಡಿ. ಅವಳನ್ನೇ ಕೇಳಿದೆ. ರಾತ್ರಿ ಅವಳು ದನಿ ಕಳಿಸಿದ್ದಾಳೆ, ಮರಾಠಿಯಲ್ಲಿ, ಹೊದಿಕೆಯೊಳಗೆ ಪಿಸುಗುಟ್ಟಿ: ‘ತಾಈ, ತೂ ಯೇ. ಬಾಕೀಚಂ ಮೀ ಬಘತೇ.’ ನೀನು ಬಾ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಅನ್ನುತ್ತಾಳೆ. ಹತ್ತೊಂಬತ್ತರ ಹುಡುಗಿಗೆ ಇರುವ ಎದೆ ನಿಮಗೆ ಇಲ್ಲವಾಯಿತೇ ಅತ್ತೀ?

24ಕ್ಕೆ ಬರುತ್ತೇನೆ. ಹೊಸ್ತಿಲಿಗೆ ಬಂದು ನಿಲ್ಲುತ್ತೇನೆ. ನೀರಿಲ್ಲದೆ ಕರೆದರೆ ಒಳಗೆ, ಇಲ್ಲದಿದ್ದರೆ ಬೀದಿಯಲ್ಲೇ ನಿಂತು ತಂಗಿಗೆ ಅಕ್ಷತೆ ಹಾಕಿ ಅದೇ ಬಸ್ಸಿಗೆ ವಾಪಸು. ದುಧನಿಯವರು ನೋಡಿದರೆ ನೋಡಲಿ.

ಇದನ್ನು ಯಾರಿಗೂ ಓದಬೇಡಿ. ಇದು ನಿಮಗೆ.

ದೀಪಾಲಿ


ಮೈಂದರ್ಗಿ
20 ಜೂನ್ 2024

ದೀಪಾ,

ನಿನ್ನ ಪತ್ರವನ್ನು ಒಲೆಯ ಮುಂದೆ ಕೂತು ಓದಿದೆ. ಎಮ್ಮೆಯ ಮಾತು ಓದಿ ನಕ್ಕೆ, ಆಮೇಲೆ ಅತ್ತೆ. ಲಕ್ಷ್ಮೀಬಾಯಿ ಹೊಗೆ ಎಂದುಕೊಂಡಳು.

ನಿನಗೆ ಒಂದು ಹೇಳಿರಲಿಲ್ಲ. ಯಾರಿಗೂ ಹೇಳಿಲ್ಲ, ನಿನ್ನ ಅಪ್ಪನಿಗೂ ಪೂರ್ತಿ ಗೊತ್ತಿಲ್ಲ. ನನ್ನ ಗಂಡನಿಗೆ ಎದೆಯ ರೋಗ ಬಂದಾಗ ಮಿಷನ್ನಿನವರ ಒಂದು ದವಾಖಾನೆಯಲ್ಲಿ ಮಲಗಿಸಿದ್ದೆವು. ಅತ್ತೆಯ ಮನೆಯಿಂದ ಬುತ್ತಿ ಕಳಿಸುವವರು ಯಾರೂ ಇರಲಿಲ್ಲ. ಅಲ್ಲಿಯ ನರ್ಸಮ್ಮ ಒಬ್ಬಳು ತನ್ನ ಊಟದಲ್ಲಿ ನನಗೆ ಪಾಲು ಕೊಡುತ್ತಿದ್ದಳು. ತಿಂಗಳುಗಟ್ಟಲೆ ಅವಳ ಅನ್ನ ಉಂಡೆ. ಗಂಡ ಉಳಿಯಲಿಲ್ಲ. ಹೆಣ ಊರಿಗೆ ಬಂತು. ಹೆಣವನ್ನು ಒಳಗೆ ತೆಗೆದುಕೊಂಡರು, ನನ್ನನ್ನು ಹೊಸ್ತಿಲ ಹೊರಗೆ ನಿಲ್ಲಿಸಿದರು. ‘ಕಿರಿಸ್ತಾನರ ಕೂಳು ಉಂಡಾಳ, ಮೊದಲ ಶುದ್ಧಿ ಆಗಲಿ’ ಎಂದಳು ಅತ್ತೆ. ಒಳಗೆ ಗಂಡನ ಮುಖಕ್ಕೆ ವಿಭೂತಿ ಹಚ್ಚುತ್ತಿದ್ದರು, ಹೊರಗೆ ನಾನು ಕಣ್ಣು ಮುಚ್ಚಿ ನೀರು ಹಾಕಿಸಿಕೊಳ್ಳುತ್ತಿದ್ದೆ. ಒಂದು ತಂಬಿಗೆ ನೀರು, ಮುಗಿಯುತ್ತದೆ ಎಂದುಕೊಂಡಿದ್ದೆ.

ಮುಗಿಯಲಿಲ್ಲ. ಆಮೇಲೆ ಆ ಮನೆಯಲ್ಲಿ ಉಪ್ಪು ಹೆಚ್ಚಾದರೂ, ಹಾಲು ಒಡೆದರೂ, ‘ಶುದ್ಧಿ ಮಾಡಿ ತಗೊಂಡಾಕಿ’ ಎಂಬ ಮಾತು. ತವರಿಗೆ ಬರುವವರೆಗೂ ಕೇಳಿದೆ. ಆ ನೀರು ನನ್ನ ಮೈಮೇಲೆ ಇನ್ನೂ ಆರಿಲ್ಲ ದೀಪಾ. ಅಂಥ ನಾನು ನಿನಗೆ ಕಣ್ಣು ಮುಚ್ಚಿಕೋ ಎಂದು ಬರೆದೆ. ಹೆದರಿ ಬರೆದೆ. ನೀನು ಮನೆಗೇ ಬಾರದೆ ಹೋದರೆ ಎಂಬ ಹೆದರಿಕೆ. ಆ ಮಾತನ್ನು ವಾಪಸು ತೆಗೆದುಕೊಂಡೆ. ಒಂದು ಹನಿಯನ್ನೂ ಹಾಕಿಸಿಕೊಳ್ಳಬೇಡ.

ಈಗ ಹಿಟ್ಟಿನ ಕಥೆ ಕೇಳು.

ಮುಕ್ತಾಬಾಯಿ ಬಂದ ಮರುದಿನದಿಂದಲೇ ಅದನ್ನು ದಿನಾ ಒಂದಿಷ್ಟು ನಮ್ಮ ಜೋಳದ ಹಿಟ್ಟಿನಲ್ಲಿ ಬೆರೆಸತೊಡಗಿದೆ. ಆಗ ಮನಸ್ಸಿನಲ್ಲಿ ಬೇರೆ ಏನೂ ಇರಲಿಲ್ಲ. ನೀನು ಒಂದು ರೊಟ್ಟಿ ತಿನ್ನಿ ಎಂದಿದ್ದೆ, ನಾನೊಬ್ಬಳೇ ಯಾಕೆ ತಿನ್ನಬೇಕು ಅನ್ನಿಸಿತು. ರೊಟ್ಟಿ ಸ್ವಲ್ಪ ಕೆಂಪಗೆ ಬಂತು. ‘ಇದ್ಯಾವ ಜ್ವಾಳ ಅಕ್ಕಾ?’ ಎಂದ ನಿನ್ನ ಅಪ್ಪ. ‘ಬೋರಾಮಣಿ ಬೀಗರು ಕಳಿಸ್ಯಾರ’ ಎಂದೆ. ‘ಬೋರಾಮಣಿ ಜ್ವಾಳ ಚಲೋ ಐತಿ ಬಿಡು’ ಎಂದು ಇನ್ನೊಂದು ಹಾಕಿಸಿಕೊಂಡ. ಶೈಲೇಶ ತಿಂದ. ನಿನ್ನ ಅವ್ವ ತಿಂದಳು. ಅಮಾವಾಸ್ಯೆಗೆ ಪೂಜೆಗೆ ಬಂದ ಅಯ್ಯನವರು ತಿಂದರು. ದುಧನಿಯವರೂ ತಿಂದರು. ಪತ್ರದಲ್ಲಿ ಬರೆದರೆ ಎಲ್ಲಿ ಬಾಯಿಬಿಟ್ಟು ಕೆಡಿಸುತ್ತೀಯೋ ಎಂದು ನಿನಗೂ ಹೇಳಲಿಲ್ಲ. ನಿನ್ನ ಬಾಯಿ ನನಗೆ ಗೊತ್ತು.

ಮೊನ್ನೆ ಮಂಗಳವಾರ ಅಯ್ಯನವರು ಬಂದರು, 24ರಂದು ಶುದ್ಧಿ ಎಷ್ಟು ಹೊತ್ತಿಗೆ, ಏನೇನು ಬೇಕು ಎಂದು ಗೊತ್ತುಮಾಡಲು. ‘ಮೊದಲ ಊಟ ಮಾಡ್ರಿ, ಆಮ್ಯಾಲ ಮಾತು’ ಎಂದೆ. ಚೀಲದ ತಳದಲ್ಲಿ ಉಳಿದದ್ದನ್ನೆಲ್ಲ ಜಾಡಿಸಿ ರೊಟ್ಟಿ ಮಾಡಿದ್ದೆ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ. ಅಯ್ಯನವರು ಎರಡನೆಯ ರೊಟ್ಟಿ ಮುರಿಯುತ್ತ, ‘ಭಾಳ ಚಲೋ ಆಗ್ಯಾವ ಸಾವಿತ್ರವ್ವ’ ಎಂದರು.

‘ಹೌದ್ರಿ ಅಯ್ಯಾರ. ದೀಪಾಲಿ ಕಳಿಸ್ಯಾಳ.’

‘ಎಲ್ಲಿಂದ?’

‘ಆಫ್ರಿಕಾದಿಂದ್ರಿ. ಚರ್ಚಿನ್ಯಾಗ ಪಾದ್ರಿ ಚೀಲದ ಮ್ಯಾಲ ಕೈ ಇಟ್ಟು, ಅವರ ದೇವರ ಹೆಸರು ಹೇಳಿ ಕೊಟ್ಟಾರಂತ. ಮೇ ತಿಂಗಳು ಮುಗಿಯೋದ್ರಾಗ ಬಂದದ. ಅವತ್ತಿಂದ ಈ ಮನ್ಯಾಗ ಎಲ್ಲಾರ ಹೊಟ್ಟ್ಯಾಗೂ ಅದ ಹೋಗಾಕತ್ತದ.’

ನಿನ್ನ ಅಪ್ಪನ ಕೈಯಲ್ಲಿದ್ದ ತುತ್ತು ಕೈಯಲ್ಲೇ ನಿಂತಿತು. ‘ಅಕ್ಕಾ! ಏನ್ ಮಾಡಿದಿ?’

‘ರೊಟ್ಟಿ ಮಾಡಿದೆ. ನೀ ತಿಂದಿ. ಹುಡುಗಿ ಬರೇ ಮುಟ್ಟಿ ಬಂದಾಳ, ನಾವು ನುಂಗಿ ಕುಂತೀವಿ. ಶುದ್ಧಿ ಆಗೋದಾದ್ರ ಎಲ್ಲಾರೂ ಅಂಗಳದಾಗ ನಿಲ್ಲೂಣು. ಮೊದಲ ನೀ ನಿಲ್ಲು, ನಿನ್ನ ಹಿಂದ ನಾ. ದುಧನಿಗೂ ಹೇಳಿ ಕಳಿಸು, ಬೀಗರೂ ಬಂದು ನಿಲ್ಲಲಿ. ಹುಡುಗನ ಅವ್ವ ನಾಕು ರೊಟ್ಟಿ ಕಟ್ಟಿಸ್ಕೊಂಡು ಹೋಗ್ಯಾರ, ಆ ಮನಿ ಪೂರಾ ತೊಳೀಬೇಕಾಗ್ತದ.’

ಶೈಲೇಶ ಎದ್ದು ಹೊರಗೆ ಓಡಿದ. ವಾಂತಿಗೆ ಅಂದುಕೊಂಡೆ, ಹೋಗಿ ನೋಡಿದರೆ ಗೋಡೆ ಹಿಡಿದು ನಗುತ್ತಿದ್ದಾನೆ. ನಿನ್ನ ಅವ್ವ ಮಾತ್ರ ಬಾಗಿಲ ಹಿಂದೆ ನಿಂತವಳು ಈಚೆಗೆ ಬಂದು, ಎಲ್ಲರೆದುರು, ‘ನನ್ನ ಮಗಳು ಬರಲಿ’ ಎಂದಳು. ಅವಳು ಈ ಮನೆಯಲ್ಲಿ ಅಯ್ಯನವರ ಮುಂದೆ ಬಾಯಿ ತೆರೆದದ್ದು ಅದೇ ಮೊದಲು.

ಅಯ್ಯನವರು ತಟ್ಟೆ ನೋಡಿದರು. ಆಮೇಲೆ ನಿನ್ನ ಅಪ್ಪನ ಕಡೆ ತಿರುಗಿ, ‘ಕಲ್ಯಾಣಪ್ಪ, ನಿನ್ನ ಶುದ್ಧಿ ನಾ ಮಾಡಬೇಕು. ನನ್ನ ಶುದ್ಧಿ ಯಾರು ಮಾಡಾವ್ರು?’ ಎಂದರು. ತಟ್ಟೆಯಲ್ಲಿದ್ದ ಅರ್ಧ ರೊಟ್ಟಿಯನ್ನು ಬಿಡಲಿಲ್ಲ, ತಿಂದು ಮುಗಿಸಿ ಕೈ ತೊಳೆದರು. 24ಕ್ಕೆ ಸಾಕರಪುಡಾಕ್ಕೆ ಬರುತ್ತೇನೆ, ಬೇರೆ ಏನಕ್ಕೂ ಅಲ್ಲ ಎಂದು ಹೇಳಿ ಹೋದರು.

ನಿನ್ನ ಅಪ್ಪ ಹೊಲಕ್ಕೆ ಹೋದವನು ಕತ್ತಲಾದ ಮೇಲೆ ಬಂದ. ಊಟಕ್ಕೆ ಕೂತ. ರೊಟ್ಟಿ ಹಾಕಿದೆ. ಅದನ್ನು ತಿರುವಿ ನೋಡಿ, ‘ಅದರದ್ದೇನು?’ ಎಂದ. ‘ಅದರದ್ದ. ಕಡೀ ರೊಟ್ಟಿ’ ಎಂದೆ. ತಿಂದ. ತಿಂದು, ‘ಬರಲಿ. ಆದ್ರ ನಾ ಮಾತಾಡಂಗಿಲ್ಲ’ ಎಂದ. ‘ಮಾತಾಡಬ್ಯಾಡ. ಉಂಡಿ ಏನವ್ವ ಅಂತ ಅಷ್ಟರ ಕೇಳು’ ಎಂದೆ. ಅವನು ಕೈ ತೊಳೆಯಲು ಎದ್ದ.

ಬಾಗಿಲಲ್ಲಿ ಒಂದು ತಂಬಿಗೆ ನೀರು ಇಟ್ಟಿರುತ್ತೇನೆ. ನೆಗ್ಗು ಬಿದ್ದದ್ದೇ. ನೋಡಿ ಉರಿದೇಳಬೇಡ. ಅದು ಕಾಲು ತೊಳೆಯಲಿಕ್ಕೆ. ಎಮ್ಮೆ ಹೊಡೆದುಕೊಂಡು ಬಂದ ಶೈಲೇಶನೂ ಅದರಿಂದಲೇ ತೊಳೆಯುತ್ತಾನೆ.

ಆ ಅಜ್ಜಿಗೆ ಬರೆ, ರೊಟ್ಟಿ ಚೆನ್ನಾಗಿತ್ತು ಎಂದು.

ಸಾವಿತ್ರಿ ಅತ್ತಿ


ಸೋಲಾಪುರ
23 ಜೂನ್ 2024, ಭಾನುವಾರ

ಅತ್ತೀ,

ಇದನ್ನು ಅಂಚೆಗೆ ಹಾಕುವುದಿಲ್ಲ. ಸಂಜೆಯ ಬಸ್ಸಿಗೆ ಬರುತ್ತಿದ್ದೇನೆ, ನನ್ನ ಕೈಯಲ್ಲೇ ತಂದು ಕೊಡುತ್ತೇನೆ. ಬಾಗಿಲಲ್ಲಿ ಎಲ್ಲರೂ ನಿಂತಿರುತ್ತಾರೆ, ಬಾಯಲ್ಲಿ ಹೇಳಲಾಗುವುದಿಲ್ಲ. ಅಪ್ಪ ‘ಏನ್ ಬರದಾಳ’ ಎಂದು ಕೇಳಿದರೆ ನಿಮಗೆ ಹೊಳೆದದ್ದು ಓದಿ ಹೇಳಿ.

ನಿಮ್ಮ ಪತ್ರವನ್ನು ಮುಕ್ತಾಬಾಯಿಗೆ ಮರಾಠಿಯಲ್ಲಿ ಹೇಳಿದೆ. ನಕ್ಕು ನಕ್ಕು ಮೊಮ್ಮಗುವನ್ನು ನನ್ನ ಕೈಗೆ ಕೊಟ್ಟು ಕೂತುಬಿಟ್ಟರು. ನರ್ಸಮ್ಮನ ಮಾತು ಬಂದಾಗ ಅವಳ ಹೆಸರೇನು ಎಂದು ಕೇಳಿದರು. ಎಮ್ಮೆಯ ಮಾತಿಗೆ ನಿಮ್ಮ ಕಾಲು ಹಿಡಿಯುತ್ತೇನೆ, ಅದೂ ಎಲ್ಲರೆದುರಿಗೆ, ಯಾಕೆ ಎಂದು ಯಾರೂ ಕೇಳಬಾರದು. ಪೆಟ್ಟಿಗೆ ಬಿಚ್ಚಿಲ್ಲ, ಹಾಗೇ ತರುತ್ತಿದ್ದೇನೆ. ನಮ್ಮ ಮನೆಯಲ್ಲೇ ಬಿಚ್ಚುತ್ತೇನೆ.

ಇನ್ನೊಂದು. ಅಪ್ಪ ಕೇಳಿದರು, ಶೈಲೇಶ ಮೆಸೇಜು ಹಾಕಿ ಕೇಳಿದ, ಅವ್ವ ಸೋನಾಲಿಯ ಕೈಯಲ್ಲಿ ಕೇಳಿಸಿದಳು. ಲಿಂಗ ಎಲ್ಲಿ ಎಂದು ಈ ಎಲ್ಲ ಪತ್ರಗಳಲ್ಲಿ ಒಮ್ಮೆಯೂ ಕೇಳದವರು ನೀವೊಬ್ಬರೇ. ಅದಕ್ಕೆ ನಿಮಗೆ ಹೇಳುತ್ತೇನೆ. ಅದು ನನ್ನ ಮೈಬಿಟ್ಟು ಒಂದು ದಿನವೂ ಹೋಗಿರಲಿಲ್ಲ. ವಾರ್ಡಿನಲ್ಲಿ ಕೊರಳಿಗೆ ದಾರ ನಡೆಯುವುದಿಲ್ಲ ಎಂದು ಮೊದಲ ದಿನವೇ ಎಡ ತೋಳಿಗೆ ಕಟ್ಟಿಕೊಂಡೆ, ಅಂಗಿಯ ತೋಳಿನ ಒಳಗೆ. ಆ ಫೋಟೋದಲ್ಲೂ ಇದೆ, ಕಾಣುವುದಿಲ್ಲ ಅಷ್ಟೇ. ಈಗ ಬರೆಯುವಾಗಲೂ ಅಲ್ಲೇ ಇದೆ.

ಅಪ್ಪನಿಗೆ ಹೇಳಬೇಡಿ. ಆಣೆ ಇದೆ. ಬರಿಗೊರಳಿನ ಮಗಳನ್ನೇ ಅವರು ಒಳಗೆ ಕರೆಯಲಿ.

ನಿಮ್ಮ
ದೀಪಾಲಿ